ಮೊದಲ ಗಿರಾಕಿ

ಆ ಶನಿವಾರದ ಅವಾಂತರಕ್ಕೆಲ್ಲ ಮೂಲ, ಕೇತನ್ ಬೆಳಗಿನ ಚಹಾ ಕುಡಿಯುತ್ತ ಆಡಿದ ಒಂದೇ ಒಂದು ಮಾತು. ಹತ್ತರಿಂದ ಹನ್ನೊಂದರವರೆಗೆ ದಯವಿಟ್ಟು ಯಾರೂ ತನ್ನ ಕೋಣೆಯ ಕಡೆ ಸುಳಿಯದಂತೆ ನೋಡಿಕೊಳ್ಳಬೇಕೆಂದು ಆತ ಅಂಗಡಿಯ ಶೋಭಳನ್ನು ಮೆಲ್ಲಗೆ ಕೇಳಿಕೊಂಡ. ಕಾಟ್ಟಿಕುಳಂ ಜಂಕ್ಷನ್ನಿನಲ್ಲಿ ಒಂದು ಸಂಗತಿಯನ್ನು ಎಲ್ಲರಿಗೂ ಮುಟ್ಟಿಸಲು ಧ್ವನಿವರ್ಧಕ ಕಟ್ಟಿದ ಆಟೋ ಕರೆಸಬೇಕಾಗಿಲ್ಲ. ಶೋಭಳ ಚಹಾದಂಗಡಿಯಲ್ಲಿ ಅದನ್ನು ಗುಟ್ಟಾಗಿ ಹೇಳಿದರೆ ಸಾಕು. ಎರಡು ತಿಂಗಳಿಂದ ಅಲ್ಲೇ ಉಂಡು ಅಲ್ಲೇ ಮಲಗುತ್ತಿದ್ದ ಕೇತನ್‌ಗೆ ಇಷ್ಟು ತಿಳಿದಿರಬೇಕಿತ್ತು. ಆದರೆ ಆತ ಮನಃಶಾಸ್ತ್ರ ಓದಿದವನು. ಜನರ ಮನಸ್ಸು ತನಗೆ ಅರ್ಥವಾಗುತ್ತದೆಂಬ ನಂಬಿಕೆ ಅವನನ್ನು ಇನ್ನೂ ಪೂರ್ತಿಯಾಗಿ ಬಿಟ್ಟುಹೋಗಿರಲಿಲ್ಲ.

ಕೇತನ್ ಮೈಸೂರಿನವನು. ಪದವಿ ಮುಗಿಸಿ, ಮನಸ್ಸಿನ ವೈದ್ಯರು ಕಾಲಿಡದ ಊರುಗಳಲ್ಲಿ ಕೆಲಸ ಮಾಡುವ ಸಂಸ್ಥೆಯೊಂದರಲ್ಲಿ ತರಬೇತಿಗೆ ಸೇರಿದ್ದ. ಗಡಿಯೂರು ಬಾವಲಿಗೆ ಹೋಗುವ ರಸ್ತೆಯ ಉದ್ದಕ್ಕೂ ಎಂದೋ ಗಡಿ ದಾಟಿ ಬಂದು ನೆಲೆಸಿದ ಕನ್ನಡದ ಮನೆಗಳಿದ್ದವು. ಆ ಮನೆಗಳ ಮಕ್ಕಳು ಶಾಲೆಯಲ್ಲಿ ಮಲಯಾಳಂ ಓದುತ್ತಿದ್ದರು, ಹಿರಿಯರು ಕಚೇರಿಗಳಲ್ಲಿ ಮಲಯಾಳಂ ಆಡುತ್ತಿದ್ದರು. ಬೈಯುವುದು ಮತ್ತು ಅಳುವುದು ಮಾತ್ರ ಕನ್ನಡದಲ್ಲೇ ನಡೆಯುತ್ತಿತ್ತು. ಅಳುವವರಿಗೆ ಕನ್ನಡ ಬಲ್ಲವನೊಬ್ಬ ಬೇಕೆಂದು ಸಂಸ್ಥೆ ಕೇತನ್‌ನನ್ನು ಅಲ್ಲಿಗೆ ಅಟ್ಟಿತ್ತು. ಶೋಭಳ ಅಂಗಡಿಯ ಹಿಂಭಾಗವನ್ನು ಪ್ಲೈವುಡ್ ಹಲಗೆಯಿಂದ ಬೇರ್ಪಡಿಸಿ ಒಂದು ಕೋಣೆ ಮಾಡಿದ್ದರು. ಅದರಲ್ಲಿ ಎರಡು ಕುರ್ಚಿ, ಒಂದು ಮೇಜು, ಮೇಜಿನ ಮೇಲೆ ಕಣ್ಣೀರು ಒರೆಸಿಕೊಳ್ಳಲು ಒಂದು ಪೆಟ್ಟಿಗೆ ಟಿಶ್ಯೂ ಕಾಗದ. ಎರಡು ತಿಂಗಳಲ್ಲಿ ಆ ಕಾಗದವನ್ನು ಬಳಸಿದವನು ನೆಗಡಿ ಹಿಡಿದ ಕೇತನ್ ಒಬ್ಬನೇ. ಊರಿನವರು ಬಾಗಿಲವರೆಗೆ ಬರುತ್ತಿದ್ದರು, ಊಟವಾಯಿತೇ ಎಂದು ಕೇಳುತ್ತಿದ್ದರು, ತಾವೆಲ್ಲ ಸುಖವಾಗಿದ್ದೇವೆಂದು ತಿಳಿಸಿ ಹೊರಟುಹೋಗುತ್ತಿದ್ದರು. ಖಾಲಿ ಕುರ್ಚಿಯ ಎದುರು ಕುಳಿತ ಕೇತನ್, ಮದುಮಗಳು ಬಾರದ ಮಂಟಪದಲ್ಲಿ ಕುಳಿತ ವರನಂತೆ ದಿನೇ ದಿನೇ ಸೊರಗುತ್ತಿದ್ದ.

ಈಗ ಪರೀಕ್ಷೆಯ ದಿನ ಬಂದಿತ್ತು. ಅವನ ಮೇಲ್ವಿಚಾರಕಿ ಡಾಕ್ಟರ್ ವಿದ್ಯ ಮಾನಂದವಾಡಿಯಿಂದ ಹತ್ತೂವರೆಯ ಬಸ್ಸಿಗೆ ಬರುವವರಿದ್ದರು. ಅವರ ಷರತ್ತು ಸರಳವಾಗಿತ್ತು. ಊರಿನ ಒಬ್ಬ ಮನುಷ್ಯನಾದರೂ ಬಾಗಿಲು ಮುಚ್ಚಿಕೊಂಡು, ಒಂಟಿಯಾಗಿ, ಮುಕ್ಕಾಲು ಗಂಟೆ ಕೇತನ್‌ನ ಎದುರು ಕೂರಬೇಕು. ಹೊರಬಂದ ಮೇಲೆ, ಮತ್ತೆ ಬರುತ್ತೇನೆಂದು ತಾನಾಗಿ ಹೇಳಬೇಕು. ಹಾಗಾದರೆ ಪ್ರಮಾಣಪತ್ರ, ಇಲ್ಲವಾದರೆ ತರಬೇತಿ ಮೊದಲಿನಿಂದ. ಅತ್ತ ಮೈಸೂರಿನ ಒಂದು ದೊಡ್ಡ ಶಾಲೆ ಅವನಿಗೆ ಆಪ್ತಸಮಾಲೋಚಕನ ಹುದ್ದೆ ಕೊಟ್ಟು, ಸೋಮವಾರ ಪ್ರಮಾಣಪತ್ರದೊಂದಿಗೆ ಹಾಜರಾಗುವಂತೆ ತಿಳಿಸಿತ್ತು. ಸೋಮವಾರ ತಪ್ಪಿದರೆ ಆ ಕುರ್ಚಿಯಲ್ಲಿ ಬೇರೊಬ್ಬರು ಕೂರುವವರಿದ್ದರು.

ಇಂಥ ಸಂಕಟದಲ್ಲಿ ದೇವರಂತೆ ಬಂದವರು ಕರಿಮೆಣಸಿನ ವ್ಯಾಪಾರಿ ಶಿವನಂಜಪ್ಪನವರು. ಆ ವಾರದ ನಡುವೆ ಒಂದು ಸಂಜೆ ತಾವಾಗಿ ಬಂದು, ಟೋಪಿ ತೆಗೆದು ಕೈಯಲ್ಲಿ ಹಿಡಿದು, ತಮಗೆ ನಿದ್ದೆ ಬರುವುದಿಲ್ಲವೆಂದು ಹೇಳಿದ್ದರು. ಅವರನ್ನು ತಬ್ಬಿಕೊಳ್ಳಬೇಕೆನ್ನಿಸಿದರೂ ಕೇತನ್ ವೃತ್ತಿಯ ಗಾಂಭೀರ್ಯವನ್ನು ಕಾಪಾಡಿಕೊಂಡು, ಶನಿವಾರ ಹತ್ತು ಗಂಟೆಗೆ ಒಬ್ಬರೇ ಬನ್ನಿ ಎಂದಿದ್ದ.

ಹತ್ತು ಗಂಟೆಗೆ ಸರಿಯಾಗಿ ಚಾಲಕ ಬಿಜುವಿನ ಜೀಪು ಅಂಗಡಿಯ ಮುಂದೆ ನಿಂತಿತು. ಮೊದಲು ಇಳಿದವರು, ಮದುವೆಗೆ ಹೊರಟವರಂತೆ ಇಸ್ತ್ರಿ ಅಂಗಿ ತೊಟ್ಟ ಶಿವನಂಜಪ್ಪನವರು. ಅವರ ಹಿಂದೆ ಫ್ಲಾಸ್ಕು ಹಿಡಿದ ಅವರ ಪತ್ನಿ ಚಾಮುಂಡಮ್ಮ. ಅವರ ಹಿಂದೆ ಅರಣ್ಯ ಇಲಾಖೆಯಲ್ಲಿ ವಾಚರ್ ಆಗಿದ್ದು ನಿವೃತ್ತನಾದ ಗೋಪಾಲನ್. ಅವನ ಹಿಂದೆ, ಕೇತನ್‌ಗೆ ಮುಖಪರಿಚಯವಷ್ಟೇ ಇದ್ದ ಅರ್ಧ ಜಂಕ್ಷನ್. ಕೊನೆಗೆ, ಕೀಲಿಯನ್ನು ಬೆರಳಿಗೆ ಸುತ್ತುತ್ತ, ಸ್ವತಃ ಬಿಜು.

"ಒಬ್ಬರೇ ಬನ್ನಿ ಅಂದಿದ್ದೆನಲ್ಲ," ಎಂದ ಕೇತನ್.

"ಒಬ್ನೇ ಬಂದಿರೋದು ಸಾರ್," ಎಂದರು ಶಿವನಂಜಪ್ಪನವರು. "ಇವ್ರೆಲ್ಲ ಸುಮ್ನೆ ಜೊತೆಗೆ ಬಂದವ್ರು."

ಆ ಸೀಮೆಯಲ್ಲಿ ಯಾರೂ ಒಂಟಿಯಾಗಿ ಆಸ್ಪತ್ರೆಗೆ ಹೋಗುವುದಿಲ್ಲ. ಒಂಟಿಯಾಗಿ ಹೋದವನಿಗೆ ಊರಿನಲ್ಲಿ ಬೇಕಾದವರೇ ಇಲ್ಲವೆಂದು ಅರ್ಥ. ಈ ವಿಷಯವನ್ನು ಪುಸ್ತಕದಲ್ಲಿ ಓದಿದ್ದ ಕೇತನ್, ವಿನಯದಿಂದಲೇ ಎಲ್ಲರನ್ನೂ ಹೊರಗಿನ ಬೆಂಚಿನಲ್ಲಿ ಕೂರಲು ಕೇಳಿಕೊಂಡ. ಎಲ್ಲರೂ ವಿನಯದಿಂದಲೇ ತಲೆಯಾಡಿಸಿ ಒಳಗೆ ಬಂದರು. ಎರಡನೆಯ ಕುರ್ಚಿಯಲ್ಲಿ ಗೋಪಾಲನ್ ಕುಳಿತ. ಚಾಮುಂಡಮ್ಮ ಮೇಜಿನ ಮೇಲೆ ಫ್ಲಾಸ್ಕು ಇಟ್ಟು ಅದರ ಪಕ್ಕದಲ್ಲಿ ನಿಂತರು. ಕಿಟಕಿಯ ಸರಳುಗಳ ನಡುವೆ ಬಿಜುವಿನ ಮೂಗು ಕಾಣಿಸಿತು. ರೋಗಿಯೆನಿಸಿಕೊಂಡವರು ಗೋಡೆಗೆ ಒರಗಿ ನಿಲ್ಲಬೇಕಾಯಿತು.

ಕೇತನ್ ಕಣ್ಣು ಮುಚ್ಚಿ ಮೂರು ದೀರ್ಘ ಉಸಿರು ತೆಗೆದುಕೊಂಡ. ತರಬೇತಿಯಲ್ಲಿ ಕಲಿಸಿದ ವಿದ್ಯೆಗಳಲ್ಲಿ ಇದುವರೆಗೆ ಅವನಿಗೆ ಉಪಯೋಗಕ್ಕೆ ಬಂದದ್ದು ಅದೊಂದೇ. ಬಳಿಕ ಶಿವನಂಜಪ್ಪನವರತ್ತ ತಿರುಗಿ, ನಿದ್ದೆ ಕೆಟ್ಟು ಎಷ್ಟು ದಿನವಾಯಿತೆಂದು ಕೇಳಿದ. ಶಿವನಂಜಪ್ಪನವರು ಗೋಪಾಲನ್‌ನ ಮುಖ ನೋಡಿದರು.

"ಮೂನ್ನು ಮಾಸ ಆಯ್ತು ಸಾರೇ," ಎಂದು ಗೋಪಾಲನ್ ಮೂರು ಬೆರಳು ತೋರಿಸಿದ.

ಊಟ ಸೇರುತ್ತದೆಯೇ ಎಂದು ಕೇಳಿದ. ಶಿವನಂಜಪ್ಪನವರು ಪತ್ನಿಯ ಮುಖ ನೋಡಿದರು. ಬೆಳಿಗ್ಗೆ ಅರ್ಧ ದೋಸೆಯೂ ಇಳಿಯಲಿಲ್ಲವೆಂದು ಚಾಮುಂಡಮ್ಮ ಸೆರಗಿನ ತುದಿಯನ್ನು ಕಣ್ಣಿಗೆ ಒತ್ತಿಕೊಂಡರು. ಎದೆಬಡಿತದ ಬಗ್ಗೆ ಯಾರೂ ಕೇಳಿರಲಿಲ್ಲ. ಆದರೂ ಕಿಟಕಿಯಿಂದ ಬಿಜು, ರಾತ್ರಿ ಇವರ ಎದೆ ಹಳೇ ಡೀಸೆಲ್ ಎಂಜಿನ್ನಿನಂತೆ ಬಡಿದುಕೊಳ್ಳುತ್ತದೆಂದು ತಿಳಿಸಿದ. ಉತ್ತರಗಳೆಲ್ಲ ಬಂದವು, ರೋಗಿಯ ಬಾಯಿಂದ ಮಾತ್ರ ಒಂದೂ ಬರಲಿಲ್ಲ. ಪಾಪ, ಈ ಮನುಷ್ಯನಿಗೆ ಸ್ವಂತ ಮಾತೇ ಇಲ್ಲದಂತೆ ಮನೆಯವರೂ ನೆರೆಯವರೂ ಅದುಮಿಟ್ಟಿದ್ದಾರೆ, ನಿದ್ದೆ ಹೇಗೆ ಬಂದೀತು ಎಂದು ಕೇತನ್‌ನ ಕರುಳು ಮಿಡಿಯಿತು. ತನ್ನ ರೋಗನಿರ್ಣಯದ ಬಗ್ಗೆ ಅವನಿಗೆ ಸಣ್ಣ ಹೆಮ್ಮೆಯೂ ಆಯಿತು.

"ನೋಡಿ ಯಜಮಾನರೇ," ಎಂದ, ಉಳಿದವರನ್ನು ಲೆಕ್ಕಿಸದೆ. "ನೀವು ನನ್ನ ಹತ್ತಿರ ಏನು ಹೇಳಿದರೂ ಅದು ಈ ಕೋಣೆ ದಾಟಿ ಆಚೆ ಹೋಗಲ್ಲ."

"ಇಲ್ಲ ಮೋನೆ," ಎಂದು ಪ್ಲೈವುಡ್ಡಿನ ಆಚೆಯಿಂದ ಶೋಭ ಹೆತ್ತ ಮಗನಿಗೆ ಹೇಳುವಂತೆ ಭರವಸೆ ಕೊಟ್ಟಳು. "ನಾವು ಯಾರ ಹತ್ರಾನೂ ಹೇಳಲ್ಲ."

ಕೇತನ್ ಎದ್ದು ನಿಂತ. ಹತ್ತೂವರೆಗೆ ಇನ್ನು ಹೆಚ್ಚು ಹೊತ್ತಿರಲಿಲ್ಲ. ಕಿಟಕಿಯಾಚೆ ಬಿಜುವಿನ ಜೀಪು ಖಾಲಿ ನಿಂತಿರುವುದು ಕಣ್ಣಿಗೆ ಬಿತ್ತು. ಮೇಲೆ ಟಾರ್ಪಾಲು, ಸುತ್ತ ಪರದೆ. ಕೋಣೆಗಿಂತ ಎಷ್ಟೋ ವಾಸಿ. ಆತ ಶಿವನಂಜಪ್ಪನವರ ಕೈ ಹಿಡಿದು, ಮುತ್ತಿಗೆಯನ್ನು ಭೇದಿಸಿ ರಾಜಕುಮಾರಿಯನ್ನು ಹೊತ್ತೊಯ್ಯುವ ವೀರನಂತೆ ಗುಂಪನ್ನು ಸೀಳಿಕೊಂಡು ನಡೆದು, ಜೀಪಿನ ಹಿಂಬದಿಗೆ ಹತ್ತಿ ಪರದೆ ಎಳೆದುಬಿಟ್ಟ.

ಆದರೆ ಕಾಟ್ಟಿಕುಳದ ಟ್ರಿಪ್ ಜೀಪುಗಳಿಗೆ ವೇಳಾಪಟ್ಟಿಯಿಲ್ಲ. ಅವು ತುಂಬಿದಾಗ ಹೊರಡುತ್ತವೆ. ಖಾಲಿ ಜೀಪಿಗೆ ಯಾರೂ ಮೊದಲು ಹತ್ತುವುದಿಲ್ಲ, ಇಬ್ಬರು ಕುಳಿತದ್ದು ಕಂಡರೆ ಉಳಿದವರು ತಡಮಾಡುವುದಿಲ್ಲ. ಕೇತನ್ "ಈಗ ನಾವಿಬ್ಬರೇ" ಎಂಬ ಮಾತನ್ನು ಮುಗಿಸುವಷ್ಟರಲ್ಲಿ ಪರದೆ ಸರಿಯಿತು. ಶುಂಠಿ ತೋಟದ ಕೆಲಸಕ್ಕೆ ಹೊರಟ ಹೆಂಗಸರು ಹತ್ತಿದರು. ಗೊಬ್ಬರದ ಚೀಲ ಹೊತ್ತವನೊಬ್ಬ ಹತ್ತಿ, ಚೀಲವನ್ನು ಕೇತನ್‌ನ ತೊಡೆಯ ಮೇಲಿಟ್ಟು ಉಪಕಾರವಾಯಿತೆಂದು ನಕ್ಕ. ಹಿಂಬದಿಯ ಮೆಟ್ಟಿಲ ಮೇಲೆ ಮೂವರು ಜೋತುಬಿದ್ದರು. ತುಂಬಿದ ಜೀಪನ್ನು ಕಣ್ಣಾರೆ ಕಂಡೂ ಸುಮ್ಮನೆ ನಿಲ್ಲಬಲ್ಲ ಚಾಲಕ ಈ ಭೂಮಿಯ ಮೇಲೆ ಹುಟ್ಟಿಲ್ಲ. ಬಿಜು ಓಡಿಬಂದು ಕುಳಿತು ಗಾಡಿ ಬಿಟ್ಟೇಬಿಟ್ಟ.

ನಿಲ್ಲಿಸು ಎಂದು ಕೇತನ್ ಕೂಗಿದ್ದು ಗೊಬ್ಬರದ ಚೀಲಕ್ಕಷ್ಟೇ ಕೇಳಿಸಿತು. ಮನಸ್ಸಿನ ಡಾಕ್ಟರು ರೋಗಿಯನ್ನು ಕರೆದುಕೊಂಡು ಹೊರಟಿದ್ದಾರೆಂಬ ಸುದ್ದಿ ಎರಡನೆಯ ತಿರುವಿನಲ್ಲೇ ಜೀಪಿನ ತುಂಬ ಹರಡಿತು. ಒಬ್ಬಳು ಪಾದಕ್ಕೆ ಹರಳೆಣ್ಣೆ ತಿಕ್ಕಲು ಹೇಳಿದಳು. ಇನ್ನೊಬ್ಬಳು ದಿಂಬಿನ ಕೆಳಗೆ ಕತ್ತಿ ಇಡಲು ಹೇಳಿದಳು. ಮೆಟ್ಟಿಲ ಮೇಲೆ ಜೋತುಬಿದ್ದವನು, ತನಗೆ ಹಾಗಾದಾಗ ಟಿ.ವಿ. ಮಾರಿದ ಮೇಲೆ ವಾಸಿಯಾಯಿತೆಂದು ಗಾಳಿಯ ಎದುರು ಅರಚಿ ಹೇಳಿದ. ಶಿವನಂಜಪ್ಪನವರು ಎಲ್ಲರಿಗೂ ತಲೆಯಾಡಿಸುತ್ತ, ಜಾತ್ರೆಗೆ ಹೊರಟ ಮಗುವಿನಂತೆ ಸಂತೋಷವಾಗಿದ್ದರು.

ಕಾಡಿನ ನಡುವೆ ಜೀಪು ತಟ್ಟನೆ ನಿಂತಿತು. ಬಿಜು ಎಂಜಿನ್ ಆರಿಸಿದ. ಮುಂದೆ, ರಸ್ತೆಯ ಅಂಚಿನಲ್ಲಿ, ಒಂಟಿ ಸಲಗವೊಂದು ಬಿದಿರು ಮುರಿಯುತ್ತ ನಿಂತಿತ್ತು. ಆ ಕ್ಷಣದಿಂದ ಜೀಪಿನೊಳಗೆ ಉಸಿರಿನ ಸದ್ದೂ ಇಲ್ಲ. ಕೇತನ್‌ಗೆ ರೋಮಾಂಚನವಾಯಿತು. ಎರಡು ತಿಂಗಳಿಂದ ಆತ ಹಂಬಲಿಸಿದ ಪರಿಪೂರ್ಣ ಮೌನ ಕೊನೆಗೂ ಒದಗಿತ್ತು. ಒಬ್ಬರೂ ಅಡ್ಡಮಾತು ಆಡುವಂತಿರಲಿಲ್ಲ. ಆತ ಚೀಲದ ಮೇಲಿಂದ ಬಾಗಿ, "ಯಜಮಾನರೇ, ಈಗ ಹೇಳಿ, ನಿಮ್ಮ ಮನಸ್ಸಿನಲ್ಲಿ ಏನಿದೆ," ಎಂದು ಪಿಸುಗುಟ್ಟಿದ. ಜೀಪಿನಲ್ಲಿದ್ದ ಅಷ್ಟೂ ಜನ ತುಟಿಯ ಮೇಲೆ ಬೆರಳಿಟ್ಟು ಅವನನ್ನು ಕೊಂದುಹಾಕುವಂತೆ ನೋಡಿದರು. ಗೊಬ್ಬರದವನು ಇನ್ನೂ ಮುಂದೆ ಹೋಗಿ ತನ್ನ ಅಂಗೈಯಿಂದ ಕೇತನ್‌ನ ಬಾಯನ್ನೇ ಮುಚ್ಚಿದ. ಸಲಗ ಬಿದಿರಿನ ರುಚಿ ಮುಗಿಸಿ ಕಾಡಿಗೆ ಸರಿಯುವವರೆಗೆ ಮನಃಶಾಸ್ತ್ರ ಆ ಅಂಗೈಯ ಹಿಂದೆಯೇ ಇತ್ತು.

ಅವರು ಬಾವಲಿಗೆ ಹೋಗಿ, ಜೀಪು ಮತ್ತೆ ತುಂಬುವುದನ್ನು ಕಾದು, ಕಾಟ್ಟಿಕುಳಕ್ಕೆ ಮರಳುವಾಗ ಹನ್ನೆರಡಾಗಿತ್ತು. ಚಹಾದಂಗಡಿಯ ಬೆಂಚಿನ ಮೇಲೆ ಡಾಕ್ಟರ್ ವಿದ್ಯ ನೆಟ್ಟಗೆ ಕುಳಿತಿದ್ದರು. ಎದುರಿನವರ ಮಾತು ಮುಗಿದ ಮೇಲೂ ಎರಡು ಉಸಿರಿನಷ್ಟು ಕಾಲ ಕಾದು ಮಾತಾಡುವ ಅಭ್ಯಾಸ ಅವರದು. ಆ ಎರಡು ಉಸಿರಿನಲ್ಲಿ ಎಂಥವನಿಗೂ ತನ್ನ ಪಾಪಗಳೆಲ್ಲ ನೆನಪಾಗುತ್ತಿದ್ದವು. ಮೈತುಂಬ ಗೊಬ್ಬರದ ವಾಸನೆ ಹೊತ್ತು ಕೇತನ್ ಕೊಟ್ಟ ವಿವರಣೆಯನ್ನು ಅವರು ಪೂರ್ತಿಯಾಗಿ ಕೇಳಿದರು. ಎರಡು ಉಸಿರು ಕಳೆದವು.

"ನನ್ನ ಬಸ್ಸು ಎರಡು ಗಂಟೆಗೆ," ಎಂದರು. "ಒಂದೇ ಅವಕಾಶ. ನಾನು ಇಲ್ಲೇ ಕೂತಿರುತ್ತೇನೆ, ಬಾಗಿಲು ಮುಚ್ಚಿರಬೇಕು."

ರಸ್ತೆಯ ಆಚೆ ಶಿವನಂಜಪ್ಪನವರದೇ ಮೆಣಸಿನ ಗೋದಾಮಿತ್ತು. ಕಲ್ಲಿನ ಗೋಡೆ, ಕಬ್ಬಿಣದ ಬಾಗಿಲು, ಚಾವಣಿಯಲ್ಲಿ ಬೆಳಕಿಗೊಂದು ಗಾಜಿನ ಹೆಂಚು, ಕಿಟಕಿಯ ಹೆಸರೇ ಇಲ್ಲ. ಕೇತನ್ ಅವರನ್ನು ಅಲ್ಲಿಗೆ ನಡೆಸಿದ. ಹಿಂದೆಯೇ ಹೊರಟ ಗುಂಪನ್ನು ವಿದ್ಯ ಒಂದು ಕೈ ಎತ್ತಿ ತಡೆದರು. ಅವರು ಒಬ್ಬರೇ ಹೋದರೆ ಆಗುವುದಿಲ್ಲ ಎಂದು ಚಾಮುಂಡಮ್ಮ ಕಳವಳದಿಂದ ಬೇಡಿಕೊಂಡರು. ಗೋಪಾಲನ್ ತಾನು ಬಾಗಿಲ ಸಂದಿಯಲ್ಲಾದರೂ ನಿಲ್ಲುತ್ತೇನೆಂದ. ಆದರೆ ಎರಡು ಉಸಿರಿನ ಆ ಮೌನದ ಎದುರು ಯಾರ ಆಟವೂ ನಡೆಯಲಿಲ್ಲ. ಕಬ್ಬಿಣದ ಬಾಗಿಲು ಢಣ್ ಎಂದು ಮುಚ್ಚಿಕೊಂಡಿತು.

ಒಳಗೆ ಮೂಟೆಗಳ ನಡುವೆ ಇಬ್ಬರೂ ಎದುರುಬದುರು ಕುಳಿತರು. ಕೇತನ್ ಗೆಲುವಿನ ದನಿಯಲ್ಲಿ, ಆದರೆ ಆದಷ್ಟು ಮೃದುವಾಗಿ, ಈಗ ನಿಮ್ಮನ್ನು ಯಾರೂ ತಡೆಯುವುದಿಲ್ಲ, ನಿದ್ದೆಯ ಬಗ್ಗೆ ಹೇಳಿ ಎಂದ. ಶಿವನಂಜಪ್ಪನವರು ಬಲಕ್ಕೆ ನೋಡಿದರು. ಮೂಟೆ. ಎಡಕ್ಕೆ ನೋಡಿದರು. ಅಲ್ಲೂ ಮೂಟೆ. ಅವರ ಹಣೆಯ ಮೇಲೆ ಬೆವರು ಮೂಡಿತು.

"ನಿದ್ದೆ," ಎಂದರು. "ನಿದ್ದೆ... ಎಷ್ಟು ಮಾಸ ಅಂದಿದ್ದ ಗೋಪಾಲನ್?"

ಕೇತನ್ ಬೆರಗಾಗಿ ನೋಡಿದ.

"ಮರೆತೋಯ್ತು ಮಗ," ಎಂದು ಶಿವನಂಜಪ್ಪನವರು ಸೋತ ದನಿಯಲ್ಲಿ ಒಪ್ಪಿಕೊಂಡರು. "ನಂಗೆ ಬಾಯಿಪಾಠ ಬರಕಿಲ್ಲ, ಬ್ಯಾರೆ ಯಾರನ್ನಾದ್ರೂ ಕಳಿಸಿ ಅಂತ ಬಡ್ಕೊಂಡೆ. ಕನ್ನಡದೋರೇ ಆಗ್ಬೇಕು ಅಂತ ನನ್ನನ್ನೇ ನೂಕಿದ್ರು. ಮರೆತ್ರೆ ನಾವು ಎತ್ತಿಕೊಡ್ತೀವಿ, ಜೊತೇಲೇ ಬತ್ತೀವಿ ಅಂದ್ರು. ನೀನು ನೋಡಿದ್ರೆ ಬೆಳಿಗ್ಗೆಯಿಂದ ಅವ್ರನ್ನೆಲ್ಲ ಓಡಿಸ್ತಾನೇ ಇದ್ದೀಯ."

ನಿಧಾನವಾಗಿ ಕತೆ ಹೊರಬಂತು. ಈ ಜಂಕ್ಷನ್ನಿನಲ್ಲಿ ಯಾರು ಏನು ತೆರೆದರೂ ಬೋಣಿಯಿಲ್ಲದೆ ಬಾಗಿಲು ಹಾಕಲು ಊರಿನವರು ಬಿಡುವುದಿಲ್ಲ. ಶೋಭ ಅಂಗಡಿ ಹಾಕಿದಾಗ ಚಹಾ ಕುಡಿದು ಕುಡಿದು ಶಿವನಂಜಪ್ಪನವರಿಗೆ ಪಿತ್ತ ಕೆರಳಿತ್ತು. ಬಿಜು ಜೀಪು ಕೊಂಡ ದಿನ ಬಾವಲಿಯಲ್ಲಿ ಯಾರಿಗೂ ಕೆಲಸವಿರಲಿಲ್ಲ. ಆದರೂ ಜೀಪಿನ ತುಂಬ ಹೋಗಿ, ಅಲ್ಲಿ ಇಳಿದು ನಿಂತು, ಅದೇ ಜೀಪಿನಲ್ಲಿ ಮರಳಿದ್ದರು. ಹೀಗಿರುವಾಗ ಮೈಸೂರಿನ ಹುಡುಗನೊಬ್ಬ ಬಂದು ಕುರ್ಚಿ ಹಾಕಿ ಕುಳಿತಿದ್ದಾನೆ, ಎರಡು ತಿಂಗಳಾದರೂ ಒಂದು ಗಿರಾಕಿಯಿಲ್ಲ, ಹೀಗೇ ಆದರೆ ಪರೀಕ್ಷೆಯಲ್ಲಿ ನಪಾಸಾಗುತ್ತಾನೆ ಎಂದು ಶೋಭ ಒಂದು ಸಂಜೆ ಕಣ್ಣೀರು ತಂದುಕೊಂಡಳಂತೆ. ಗೋಪಾಲನ್‌ನ ಭಾವನಿಗೆ ಹಿಂದೆ ನಿದ್ದೆಗೆಟ್ಟಿತ್ತು. ಆದ್ದರಿಂದ ಲಕ್ಷಣಗಳನ್ನು ಕಲಿಸುವ ಹೊಣೆ ಅವನದಾಯಿತು. ಊಟದ ಭಾಗ ಚಾಮುಂಡಮ್ಮನಿಗೆ, ಎದೆಬಡಿತ ಬಿಜುವಿಗೆ.

"ಹಾಗಾದರೆ ನಿಮಗೆ ನಿದ್ದೆ ಬರುತ್ತದೆ," ಎಂದ ಕೇತನ್ ಕ್ಷೀಣವಾಗಿ.

"ತಲೆ ಕೊಟ್ಟ ಕಡೆ ಬತ್ತದೆ."

ಅದನ್ನು ಸಾಬೀತುಪಡಿಸಲೋ ಎಂಬಂತೆ, ಜೀಪಿನ ಪ್ರಯಾಣದಿಂದ ದಣಿದಿದ್ದ ಶಿವನಂಜಪ್ಪನವರು ಮೂಟೆಗೆ ಒರಗಿದರು. ಎರಡು ಮಾತು ಆಡುವಷ್ಟರಲ್ಲಿ ಅವರ ಗೊರಕೆ ಗೋದಾಮನ್ನು ತುಂಬಿತು. ಎಬ್ಬಿಸಿ ಕಳುಹಿಸಿದರೆ ಹೊತ್ತು ತುಂಬುವ ಮೊದಲೇ ಬಾಗಿಲು ತೆರೆಯಬೇಕಾಗುತ್ತದೆ. ಆದ್ದರಿಂದ ಕೇತನ್ ಮೆಣಸಿನ ಘಾಟಿಗೆ ಸೀನುತ್ತ, ತನ್ನ ಬದುಕಿನ ಮೊದಲ ಗಿರಾಕಿಯ ಗೊರಕೆಯನ್ನು, ಶಾಸ್ತ್ರ ಹೇಳುವಂತೆ, ಮಧ್ಯೆ ಬಾಯಿ ಹಾಕದೆ ಮುಕ್ಕಾಲು ಗಂಟೆ ಕೇಳಿದ.

ಬಾಗಿಲು ತೆರೆದಾಗ ಶಿವನಂಜಪ್ಪನವರ ಕೆನ್ನೆಯ ಮೇಲೆ ಮೆಣಸಿನ ಕಾಳುಗಳ ಅಚ್ಚು ಬಿದ್ದಿತ್ತು, ಮುಖ ಹೊಸದಾಗಿ ಬೆಳಗಿದ ಪಾತ್ರೆಯಂತೆ ಹೊಳೆಯುತ್ತಿತ್ತು. ಹೇಗಿತ್ತು ಎಂದು ವಿದ್ಯ ಕೇಳಿದರು. ಕೇತನ್ ಕಣ್ಣು ಮುಚ್ಚಿಕೊಂಡ.

"ಇಂಥಾ ನಿದ್ದೆ ಬಂದು ಎಷ್ಟು ಕಾಲ ಆಗಿತ್ತೋ ಕಣಮ್ಮ," ಎಂದರು ಶಿವನಂಜಪ್ಪನವರು, ಒಂದಕ್ಷರವೂ ಸುಳ್ಳಿಲ್ಲದೆ. "ಈ ಹುಡುಗ ಕರೆದ್ರೆ ದಿನಾ ಬತ್ತೀನಿ."

ಎರಡು ಉಸಿರು ಕಳೆದವು. ವಿದ್ಯ ಕೈಚೀಲದಿಂದ ಪ್ರಮಾಣಪತ್ರ ತೆಗೆದು ಅಲ್ಲೇ ಸಹಿ ಮಾಡಿ ಕೇತನ್‌ನ ಕೈಗಿಟ್ಟರು. ಆ ಕ್ಷಣಕ್ಕೆ ಅವನ ಮನಸ್ಸು ಕಬಿನಿ ದಾಟಿ, ಹೆಗ್ಗಡದೇವನಕೋಟೆ ದಾಟಿ, ಮೈಸೂರಿನ ಶಾಲೆಯ ತಣ್ಣನೆಯ ಕೋಣೆಯಲ್ಲಿ ತಿರುಗುವ ಕುರ್ಚಿಯ ಮೇಲೆ ಕುಳಿತೂ ಆಗಿತ್ತು.

"ಇನ್ನೊಂದು ವಿಷಯ," ಎಂದರು ವಿದ್ಯ. ಅವರ ದನಿ ಎಂದಿನಂತಿರಲಿಲ್ಲ, ಅದರಲ್ಲಿ ಆರ್ದ್ರತೆಯಿತ್ತು. "ನೀವು ಒಳಗಿದ್ದಾಗ ಈ ಜನ ಒಬ್ಬೊಬ್ಬರಾಗಿ ನನ್ನ ಹತ್ತಿರ ಬಂದರು ಕೇತನ್."

ಮೊದಲು ಬಂದವನು ಗೋಪಾಲನ್. ಮೂರು ತಿಂಗಳಿಂದ ಕಣ್ಣಿಗೆ ನಿದ್ದೆಯಿಲ್ಲವೆಂದನಂತೆ. ಚಾಮುಂಡಮ್ಮ ಅರ್ಧ ದೋಸೆಯೂ ಇಳಿಯುವುದಿಲ್ಲವೆಂದು ಅತ್ತರಂತೆ. ಬಿಜುವಿನ ಎದೆ ಡೀಸೆಲ್ ಎಂಜಿನ್ನಿನಂತೆ ಬಡಿದುಕೊಳ್ಳುತ್ತಿತ್ತಂತೆ. ಪಾಲಿಗೆ ಯಾವ ಪಾಠವೂ ಬಾರದೆ ಉಳಿದಿದ್ದ ಶೋಭ, ಏನು ಹೇಳಬೇಕೆಂದು ತೋಚದೆ, ಇಷ್ಟೂ ತನಗೆ ಒಟ್ಟಿಗೇ ಇದೆಯೆಂದಳಂತೆ. ಕಬ್ಬಿಣದ ಬಾಗಿಲೊಳಗೆ ಒಬ್ಬಂಟಿಯಾದ ಶಿವನಂಜಪ್ಪನವರು ಖಂಡಿತ ಎಡವುತ್ತಾರೆಂದು ಹೆದರಿ, ಹುಡುಗನನ್ನು ಉಳಿಸಲು ಇಡೀ ಜಂಕ್ಷನ್ ತನ್ನಲ್ಲಿದ್ದ ರೋಗಗಳನ್ನೆಲ್ಲ ತಂದು ವಿದ್ಯರ ಮುಂದೆ ಸುರಿದಿತ್ತು.

"ಇಷ್ಟು ವರ್ಷದಲ್ಲಿ ಇಂಥ ನಂಬಿಕೆಯನ್ನು ಯಾರೂ ಗಳಿಸಿದ್ದು ನಾನು ನೋಡಿಲ್ಲ," ಎಂದರು ವಿದ್ಯ. "ಈ ಕೇಂದ್ರವನ್ನು ಮುಂದಿನ ವಾರ ಮುಚ್ಚಬೇಕೆಂದಿದ್ದೆವು. ಈಗಷ್ಟೇ ಕಚೇರಿಗೆ ಮಾತಾಡಿದೆ. ಒಂದು ವರ್ಷ ನಡೆಸಲು ಒಪ್ಪಿದ್ದಾರೆ, ನೀವೇ ಇರಬೇಕೆಂಬ ಷರತ್ತಿನ ಮೇಲೆ. ಆ ಶಾಲೆಯ ಮುಖ್ಯಸ್ಥೆ ನನಗೆ ಗೊತ್ತಿರುವವರೇ. ಅವರಿಗೂ ಫೋನ್ ಮಾಡಿ, ನಿಮ್ಮನ್ನು ಬಿಟ್ಟುಕೊಡಲು ಕೇಳಿದೆ. ಬಹಳ ಒಳ್ಳೆಯವರು, ಆ ಜಾಗಕ್ಕೆ ಆಗಲೇ ಬೇರೆಯವರನ್ನು ಕರೆದುಬಿಟ್ಟರು."

ಕೇತನ್ ಬಾಯಿ ತೆರೆದ. ನಿಜ ಹೇಳಿದರೆ ಪ್ರಮಾಣಪತ್ರ ಕೈಬಿಡುತ್ತದೆ, ತರಬೇತಿ ಮೊದಲಿನಿಂದ ಶುರುವಾಗುತ್ತದೆ. ಶಾಲೆಯಂತೂ ಆಗಲೇ ಹೋಗಿತ್ತು. ವಿದ್ಯರ ಬೆನ್ನ ಹಿಂದೆ ಅಂಗಡಿಯ ಮುಂದೆ ಊರಿಗೆ ಊರೇ ಸಾಲಾಗಿ ನಿಂತು, ಮಗುವಿನ ಫಲಿತಾಂಶ ಕೇಳಲು ಬಂದ ತಂದೆತಾಯಿಗಳಂತೆ ಅವನ ಮುಖವನ್ನೇ ನೋಡುತ್ತಿತ್ತು. ಆತ ತೆರೆದ ಬಾಯಿಂದಲೇ, ಬಹಳ ಸಂತೋಷವಾಯಿತು ಮೇಡಂ ಎಂದ.

ಎರಡು ಗಂಟೆಯ ಬಸ್ಸು ವಿದ್ಯರನ್ನು ಹತ್ತಿಸಿಕೊಂಡು ತಿರುವಿನಲ್ಲಿ ಮರೆಯಾಯಿತು. ಶೋಭ ಅವನ ಮುಂದೆ ಹಾಲು ಹೆಚ್ಚು ಹಾಕಿದ ಚಹಾ ತಂದಿಟ್ಟಳು. ಬಿಜು ಬೆನ್ನು ತಟ್ಟಿದ. ಇನ್ನು ಒಂದು ವರ್ಷ ದಿನಕ್ಕೊಬ್ಬರಂತೆ ಬಂದು ಕೂರುವುದೆಂದು ಊರಿನವರು ಆಗಲೇ ಸರದಿ ಹಂಚಿಕೊಂಡಿರುವುದಾಗಿಯೂ, ಆತ ಏನೇನೂ ಚಿಂತೆ ಮಾಡಬಾರದೆಂದೂ ಗೋಪಾಲನ್ ತಿಳಿಸಿದ. ಚಾಮುಂಡಮ್ಮ ಫ್ಲಾಸ್ಕನ್ನು ಸೊಂಟಕ್ಕಿಟ್ಟುಕೊಂಡು, ಬೆಂಚಿನ ತುದಿಯಲ್ಲಿ ಅವನ ಪಕ್ಕ ಕುಳಿತು, ಯಾರಿಗೂ ಕೇಳದಂತೆ ದನಿ ತಗ್ಗಿಸಿದರು.

"ಸೋಮವಾರ ಮೊದ್ಲು ನಂದೇ ಕಣಪ್ಪ. ನಂಗೆ ಏನು ಕಾಯಿಲೆ ಆದ್ರೆ ನಿಂಗೆ ಅನುಕೂಲ, ಈಗ್ಲೇ ಹೇಳ್ಬುಡು. ಕಲಿಯಾಕೆ ಒಂದಿನಾನಾದ್ರೂ ಬೇಕಲ್ಲ."